ಹಳೆಯ ಯುದ್ಧವಿಮಾನಕ್ಕೆ ಹೊಸ ಬಿಡಿಭಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ವರ್ಕ್‌ಶಾಪ್‌ನ ಅಳತೆ ಕೋಣೆಯಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ವಿಮಾನದ ಬಿಡಿಭಾಗಗಳೇ ನಮ್ಮ ಕಸುಬು. ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು, ಪೀಣ್ಯದ ಕಡೆಯ ಸಣ್ಣ ವರ್ಕ್‌ಶಾಪ್ ಮಾಲೀಕರು, ಮದುವೆ ಮನೆಯಲ್ಲಿ ಸಿಗುವ ನೆಂಟರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಗೊತ್ತಿರುವಷ್ಟನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ಜನ ಜಾಸ್ತಿ ಎಡವುವುದು ಅಲ್ಲೇ, ಅದಕ್ಕೆ.

ರಿವರ್ಸ್ ಎಂಜಿನಿಯರಿಂಗ್ ಅಂದ್ರೆ ಏನು? ಸುಮ್ನೆ ನಕಲು ಮಾಡೋದಾ?

ಸಾಮಾನ್ಯವಾಗಿ ಮೊದಲು ಡ್ರಾಯಿಂಗ್ ಇರುತ್ತದೆ, ಆಮೇಲೆ ಪಾರ್ಟ್ ಬರುತ್ತದೆ. ಇಲ್ಲಿ ಉಲ್ಟಾ. ಪಾರ್ಟ್ ಕೈಯಲ್ಲಿದೆ, ಡ್ರಾಯಿಂಗ್ ಇಲ್ಲ. ಪಾರ್ಟ್‌ನಿಂದ ಹಿಂದಕ್ಕೆ ನಡೆದು ಡ್ರಾಯಿಂಗ್ ಮುಟ್ಟಬೇಕು.

ಅಜ್ಜಿ ಮಾಡಿದ ಸಾರನ್ನು ರುಚಿ ನೋಡಿ ಸಾರಿನ ಪುಡಿಯ ಲೆಕ್ಕ ಕಂಡುಹಿಡಿಯುವುದನ್ನು ನೆನೆಸಿಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿ ಬಿದ್ದಿದೆ ಅಂತ ಬಣ್ಣದಲ್ಲೇ ಗೊತ್ತಾಗುತ್ತದೆ. ಕೊತ್ತಂಬರಿ ಬೀಜ ಇದೆ ಅಂತಲೂ ಗೊತ್ತಾಗುತ್ತದೆ. ಆದರೆ ಎಷ್ಟು ಹೊತ್ತು ಹುರಿದರು? ಎಣ್ಣೆ ಹಾಕಿ ಹುರಿದರೋ, ಬರೀ ಬಾಣಲೆಯಲ್ಲೋ? ಯಾವುದನ್ನು ಮೊದಲು ಹಾಕಿದರು? ಅದು ಬಟ್ಟಲಲ್ಲಿ ಕಾಣುವುದಿಲ್ಲ. ನಕಲು ಮಾಡುವವನು ಬಟ್ಟಲಲ್ಲಿ ಕಂಡದ್ದನ್ನಷ್ಟೇ ಮಾಡುತ್ತಾನೆ. ನಮ್ಮ ಕೆಲಸ ಕಾಣದಿರುವುದನ್ನೂ ಹುಡುಕುವುದು.

ವಿಮಾನ ಮಾಡಿದ ಕಂಪನಿಯನ್ನೇ ಕೇಳಬಹುದಲ್ವಾ?

ಮೊದಲು ಕೇಳುವುದು ಅವರನ್ನೇ. ಕೊಡುವ ಸ್ಥಿತಿಯಲ್ಲಿ ಅವರಿದ್ದರೆ ಇಷ್ಟೆಲ್ಲ ಕಷ್ಟವೇ ಬೇಡ.

ಆದರೆ ವಿಮಾನ ಬದುಕುವಷ್ಟು ಕಾಲ ಅದರ ಬಿಡಿಭಾಗ ಮಾಡುವ ಕಾರ್ಖಾನೆ ಬದುಕುವುದಿಲ್ಲ. ಅಮೆರಿಕದ ಬಿ-52 ಬಾಂಬರ್ ನೋಡಿ. ಕೊನೆಯದು ಕಾರ್ಖಾನೆಯಿಂದ ಹೊರಬಂದದ್ದು 1962ರಲ್ಲಿ. ಇವತ್ತಿಗೂ 76 ವಿಮಾನಗಳು ಸೇವೆಯಲ್ಲಿವೆ. ಹೊಸ ಎಂಜಿನ್ ಹಾಕಿ 2050ರ ದಶಕದವರೆಗೂ ಹಾರಿಸುವ ಯೋಜನೆ ಇದೆ. ಅದಕ್ಕೆ ಸಣ್ಣ ವಾಲ್ವ್, ಸ್ವಿಚ್, ಬ್ರಾಕೆಟ್ ಮಾಡಿಕೊಟ್ಟ ಎಷ್ಟೋ ಕಂಪನಿಗಳು ಯಾವತ್ತೋ ಬಾಗಿಲು ಹಾಕಿವೆ, ಇಲ್ಲವೇ ಬೇರೆ ಕಂಪನಿಯೊಳಗೆ ಸೇರಿಹೋಗಿವೆ. ಅಚ್ಚುಗಳು, ಪಾರ್ಟ್ ಹಿಡಿದಿಡುವ ಜಿಗ್‌ಗಳು ಗುಜರಿಗೆ ಹೋಗಿವೆ.

ಕೆಲವು ಸಲ ದೇಶವೇ ಒಡೆದುಹೋಗುತ್ತದೆ. ನಮ್ಮ ವಾಯುಪಡೆಗೆ ಆಂಟೊನೊವ್ ಆನ್-32 ಸರಕು ವಿಮಾನ ಬಂದದ್ದು 1984ರಲ್ಲಿ, ಸೋವಿಯತ್ ಒಕ್ಕೂಟ ಒಂದೇ ಆಗಿದ್ದಾಗ. 1991ರ ನಂತರ ಅದರ ಕಾರ್ಖಾನೆಗಳು ಉಕ್ರೇನಿನಲ್ಲಿ ಒಂದಷ್ಟು, ರಷ್ಯಾದಲ್ಲಿ ಒಂದಷ್ಟು ಅಂತ ಹಂಚಿಹೋದವು. ಆನ್-32 ನವೀಕರಣಕ್ಕೆ ಉಕ್ರೇನ್ ಜೊತೆ 2009ರಲ್ಲಿ ಒಪ್ಪಂದ ಆಯಿತು. 2014ರಲ್ಲಿ ಆ ಎರಡು ದೇಶಗಳ ನಡುವೆ ಜಗಳ ಹತ್ತಿಕೊಂಡಾಗ ಕಾನ್ಪುರದ ನಮ್ಮ ಡಿಪೋಗೆ ಬರಬೇಕಾದ ಸಾಮಾನು ತಡವಾಗುತ್ತಾ ಹೋಯಿತು. ಜಗಳ ಅವರದ್ದು, ನಿಂತದ್ದು ನಮ್ಮ ವಿಮಾನ.

ಇನ್ನೊಂದು ಕಾರಣ ಲೆಕ್ಕಾಚಾರದ್ದು. ನಮಗೆ ಬೇಕಿರುವುದು ವರ್ಷಕ್ಕೆ ಆರು ಪೀಸ್. ದೊಡ್ಡ ಕಂಪನಿಗೆ ಆರು ಪೀಸ್‌ಗೋಸ್ಕರ ಒಂದು ಮೆಷಿನ್ ನಿಲ್ಲಿಸುವುದು ಗಿಟ್ಟುವುದಿಲ್ಲ. ಅವರು ಬೆಲೆ ಹೇಳುತ್ತಾರೆ, ಆ ಬೆಲೆ ಕೇಳಿ ನಾವು ಸುಮ್ಮನಾಗುತ್ತೇವೆ. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಎಚ್‌ಎಎಲ್ ಆ ವಿಮಾನಗಳನ್ನು ಇಲ್ಲೇ ಮಾಡಿದೆಯಲ್ಲ? ಡ್ರಾಯಿಂಗ್ ನಮ್ಮ ಹತ್ತಿರ ಇರಲ್ವಾ?

ಒಂದಷ್ಟು ಇರುತ್ತವೆ. ಬ್ರಿಟನ್-ಫ್ರಾನ್ಸ್ ವಿನ್ಯಾಸದ ಜಾಗ್ವಾರ್ ಯುದ್ಧವಿಮಾನವನ್ನು ಬೆಂಗಳೂರಿನಲ್ಲೇ ಲೈಸೆನ್ಸ್ ಮೇಲೆ ಮಾಡಿದರು. ಚೇತಕ್ ಹೆಲಿಕಾಪ್ಟರ್ ಕೂಡ ಫ್ರಾನ್ಸಿನ ವಿನ್ಯಾಸ, ಮಾಡಿದ್ದು ಇಲ್ಲಿ. ಲೈಸೆನ್ಸ್ ಕೊಟ್ಟವರು ಹೇಗೆ ಮಾಡಬೇಕು ಅಂತ ಹೇಳುತ್ತಾರೆ. ಹಾಗೇ ಯಾಕೆ ಮಾಡಬೇಕು ಅಂತ ಹೇಳುವುದು ಬಲು ಅಪರೂಪ. ಈ ಜಾಗಕ್ಕೆ ಇಷ್ಟು ಭಾರ ಬೀಳುತ್ತದೆ, ಅದಕ್ಕೇ ಈ ದಪ್ಪ ಅನ್ನುವ ಲೆಕ್ಕ ಅವರ ಕಪಾಟಿನಲ್ಲೇ ಉಳಿಯುತ್ತದೆ. ಜೊತೆಗೆ ಎಲ್ಲವನ್ನೂ ಲೈಸೆನ್ಸ್‌ನಲ್ಲಿ ಕೊಡುವುದಿಲ್ಲ. ಪಂಪು, ಗೇಜು, ಭಾಗಗಳನ್ನು ತಳ್ಳಿ ಎಳೆಯುವ ಆಕ್ಚುಯೇಟರ್‌ನಂಥವು ಬಹಳಷ್ಟು ಡಬ್ಬಿಯಲ್ಲಿ ಹಾಗೇ ಬರುತ್ತಿದ್ದವು. ಡಬ್ಬಿ ಬಿಚ್ಚುವ ಹಕ್ಕೇ ಒಪ್ಪಂದದಲ್ಲಿ ಇಲ್ಲದಿದ್ದದ್ದೂ ಉಂಟು.

ಹಾರಾಟ ನಿಲ್ಲಿಸಿದ ಹಳೆ ವಿಮಾನದಿಂದ ಕಳಚಿ ಹಾಕಿಕೊಳ್ಳಬಹುದಲ್ಲ?

ಹಾಗೆ ಮಾಡುತ್ತಾರೆ. ಬ್ರಿಟನ್, ಫ್ರಾನ್ಸ್ ಎರಡೂ ಜಾಗ್ವಾರ್ ಕೈಬಿಟ್ಟು ಬಹಳ ದಿನವಾಯಿತು. ಈಗ ಅದನ್ನು ಹಾರಿಸುತ್ತಿರುವುದು ನಾವೊಬ್ಬರೇ. ಅದಕ್ಕೇ ಫ್ರಾನ್ಸಿನಿಂದ 31 ಹಳೆಯ ಜಾಗ್ವಾರ್ ದೇಹಗಳನ್ನು ತರಿಸಿಕೊಂಡರು, ಬಿಡಿಭಾಗಕ್ಕೋಸ್ಕರ. 2021ರಲ್ಲಿ ಫ್ರಾನ್ಸಿನ 24 ಹಳೆಯ ಮಿರಾಜ್-2000 ಕೊಂಡದ್ದೂ ಮುಖ್ಯವಾಗಿ ಅದಕ್ಕೇ. ಅಮೆರಿಕದವರಿಗೆ ಅರಿಝೋನಾದ ಮರುಭೂಮಿಯಲ್ಲಿ ಡೇವಿಸ್-ಮಾಂಥನ್ ನೆಲೆಯೇ ಇದೆ. ಸಾವಿರಾರು ವಿಮಾನಗಳನ್ನು ಒಣ ಹವೆಯಲ್ಲಿ ನಿಲ್ಲಿಸಿ ಇಟ್ಟಿದ್ದಾರೆ.

ಆದರೆ ಇದು ಕಣಜದಲ್ಲಿದ್ದ ಭತ್ತವನ್ನು ಉಣ್ಣುವ ಹಾಗೆ. ಬಿತ್ತನೆ ಇಲ್ಲ. ಕಳಚಿದ ಪಾರ್ಟ್ ಕೂಡ ಅದರ ಆಯಸ್ಸಿನಲ್ಲಿ ಅರ್ಧ ಕಳೆದದ್ದೇ. ಎಲ್ಲಾ ವಿಮಾನದಲ್ಲೂ ಒಂದೇ ಜಾಗ ಮೊದಲು ಬಿರುಕು ಬಿಡುತ್ತದೆ, ಹಾಗಾಗಿ ನಮಗೆ ಬೇಕಾದ ಪಾರ್ಟೇ ಅಲ್ಲೂ ಹಾಳಾಗಿರುತ್ತದೆ. ಒಂದು ಉಪಯೋಗ ಮಾತ್ರ ದೊಡ್ಡದು: ಅಳೆಯಲು ಹೆಚ್ಚು ಮಾದರಿಗಳು ಸಿಗುತ್ತವೆ. ಅದು ಯಾಕೆ ಮುಖ್ಯ ಅಂತ ಮುಂದಿನ ಉತ್ತರದಲ್ಲಿದೆ.

ಈಗ 3ಡಿ ಸ್ಕ್ಯಾನರ್ ಇದೆ. ಸ್ಕ್ಯಾನ್ ಮಾಡಿ ಮೆಷಿನ್‌ಗೆ ಹಾಕಿದರೆ ಆಯ್ತಲ್ವಾ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಸ್ಕ್ಯಾನರ್ ನಿಜಕ್ಕೂ ದೊಡ್ಡ ವರ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ವಕ್ರ ಮೈಯ ಅಳತೆ ಈಗ ಒಂದು ಮಧ್ಯಾಹ್ನದ ಕೆಲಸ. ಅಮೆರಿಕದ ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದವರು ಡೇವಿಸ್-ಮಾಂಥನ್‌ನಿಂದ ಒಂದು ಬಿ-1 ಬಾಂಬರ್ ತರಿಸಿ, ಬಿಚ್ಚಿ, ಒಂದೊಂದೇ ಭಾಗವನ್ನು ಸ್ಕ್ಯಾನ್ ಮಾಡಿ ಇಡೀ ವಿಮಾನದ ಡಿಜಿಟಲ್ ಪ್ರತಿ ಕಟ್ಟುವ ಕೆಲಸ ಹಿಡಿದರು.

ಆದರೆ ಸ್ಕ್ಯಾನರ್ ಹೇಳುವುದು, ಈ ಒಂದು ಪಾರ್ಟ್ ಇವತ್ತು ಹೇಗಿದೆ ಅನ್ನುವುದನ್ನು ಮಾತ್ರ. ಅದು ಹೇಗಿರಬೇಕಿತ್ತು ಅಂತ ಹೇಳುವುದಿಲ್ಲ.

ಒಂದು ಪಿನ್ ತೆಗೆದುಕೊಳ್ಳಿ. ಅಳೆದಾಗ 12.68 ಮಿಲಿಮೀಟರ್ ಬಂತು. ಡ್ರಾಯಿಂಗ್‌ನಲ್ಲಿ 12.68 ಅಂತ ಬರೆಯಬಹುದಾ? ಬರೆಯಬಾರದು. ಅದು 12.70 ಇದ್ದು ಸವೆದಿರಬಹುದು. 12.70 ಅಂದರೆ ಅರ್ಧ ಇಂಚು, ಆಗ ಇದು ಇಂಚಿನ ವಿನ್ಯಾಸ ಅಂತ ಸುಳಿವು ಸಿಕ್ಕಿತು. ಅಥವಾ ಮೊದಲಿನಿಂದಲೂ 12.68ಕ್ಕೇ ತಿರುವಿದ್ದಿರಬಹುದು, ತೂತಿನಲ್ಲಿ ಸಡಿಲವಾಗಿ ಕೂರಲಿ ಅಂತ. ಪಾರ್ಟ್ ಅಳೆದರೆ ಸಿಗುವುದು ಒಂದು ಸಂಖ್ಯೆ. ಡ್ರಾಯಿಂಗ್‌ಗೆ ಬೇಕಿರುವುದು ಎರಡು: ಎಷ್ಟಕ್ಕಿಂತ ಜಾಸ್ತಿ ಇರಬಾರದು, ಎಷ್ಟಕ್ಕಿಂತ ಕಡಿಮೆ ಇರಬಾರದು. ಆ ಎರಡರ ನಡುವಿನ ಜಾಗವೇ ಟಾಲರೆನ್ಸ್. ಅದನ್ನು ಯಾವ ಸ್ಕ್ಯಾನರೂ ತೋರಿಸುವುದಿಲ್ಲ.

ಅದಕ್ಕೇ ಒಂದಲ್ಲ, ಸಿಕ್ಕಷ್ಟೂ ಮಾದರಿ ಅಳೆಯುತ್ತೇವೆ. ಸ್ಟೋರಿನಲ್ಲಿ ಪ್ಯಾಕ್ ಒಡೆಯದ ಒಂದು ಪೀಸ್ ಸಿಕ್ಕರೆ ನಮಗೆ ಹಬ್ಬ. ಪಿನ್ ಕೂರುವ ತೂತನ್ನೂ, ತೂತಿರುವ ಬ್ರಾಕೆಟ್ಟನ್ನೂ, ಅದರ ಪಕ್ಕದ್ದನ್ನೂ ಅಳೆಯುತ್ತೇವೆ. ಒಬ್ಬರ ಬಗ್ಗೆ ತಿಳಿಯಬೇಕಾದರೆ ನೆರೆಹೊರೆಯವರನ್ನೂ ವಿಚಾರಿಸುತ್ತೇವಲ್ಲ, ಹಾಗೆ.

ನಮ್ಮಲ್ಲೇ ನಡೆದದ್ದು ಒಂದು ಹೇಳುತ್ತೇನೆ. ಒಂದು ಬುಶ್ ಬಂದಿತ್ತು, ಅಂದರೆ ತಿರುಗುವ ಪಿನ್ ಕೂರುವ ಗಿಡ್ಡ ಕೊಳವೆ. ಒಳಗೋಡೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಸುರುಳಿ ಗೀರು. ಟೂಲ್ ಎಳೆದ ಗುರುತು ಅಂದುಕೊಂಡು ಮಾಡೆಲ್‌ನಲ್ಲಿ ಅದನ್ನು ಬಿಟ್ಟೆವು, ಒಳಮೈ ನುಣ್ಣಗೆ ಮಾಡಿದೆವು. ಮೊದಲ ಪೀಸ್ ಪರೀಕ್ಷೆಯಲ್ಲಿ ಬಿಸಿಯಾಗಿ, ತಿರುಗದೆ ಹಿಡಿದುಕೊಂಡಿತು. ಆಗ ನಿವೃತ್ತರಾಗಿದ್ದ ನಮ್ಮ ಹಿರಿಯ ಟರ್ನರ್ ಒಬ್ಬರನ್ನು ಕರೆಸಿದೆವು. ಅವರು ಹಳೆಯ ಬುಶ್ಶನ್ನು ಬೆಳಕಿಗೆ ಹಿಡಿದು ಒಂದೇ ಮಾತು ಹೇಳಿದರು: "ಏನಪ್ಪಾ, ಗ್ರೀಸ್ ಹೋಗೋ ದಾರೀನೇ ಮುಚ್ಚಿಬಿಟ್ಟಿದ್ದೀರಲ್ಲ." ಬುಶ್ ಪರೀಕ್ಷೆಯಲ್ಲೇ ಹಿಡಿದುಕೊಂಡದ್ದು ನಮ್ಮ ಪುಣ್ಯ, ಆಕಾಶದಲ್ಲಿ ಅಲ್ಲ. ಅವತ್ತಿನಿಂದ ನಮ್ಮ ಅಳತೆ ಕೋಣೆಯಲ್ಲಿ ಒಂದು ನಿಯಮ ಇದೆ. ಪಾರ್ಟ್ ಮೇಲಿನ ಪ್ರತಿ ಗೀರಿಗೂ, ಪ್ರತಿ ಸಣ್ಣ ತೂತಿಗೂ ಹೆಸರು ಬರೆಯಬೇಕು. ಇದು ಸವೆತ, ಇದು ಮೆಷಿನ್ ಗುರುತು, ಇದು ಬೇಕಂತಲೇ ಮಾಡಿದ್ದು, ಇದು ಏನೋ ತಿಳಿಯದು. ತಿಳಿಯದು ಅಂತ ಬರೆದದ್ದು ಒಂದು ಉಳಿದಿದ್ದರೂ ಡ್ರಾಯಿಂಗ್ ಮುಂದಕ್ಕೆ ಹೋಗುವುದಿಲ್ಲ.

ಅಳತೆ ಕೋಣೆಗೆ ಎಸಿ ಯಾಕೆ ಬೇಕು? ಬೆಂಗಳೂರಿನ ಹವೆ ಚೆನ್ನಾಗೇ ಇದೆಯಲ್ಲ?

ಮನುಷ್ಯರಿಗೆ ಚೆನ್ನಾಗಿದೆ. ಪ್ರಪಂಚದಾದ್ಯಂತ ಅಳತೆಗೆ ಒಪ್ಪಿಕೊಂಡಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. 100 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಪಾರ್ಟನ್ನು 30 ಡಿಗ್ರಿಯಲ್ಲಿ ಅಳೆದರೆ ಸುಮಾರು 23 ಮೈಕ್ರಾನ್ ಉದ್ದ ಬೆಳೆದಿರುತ್ತದೆ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಉಕ್ಕಾದರೆ ಅದರ ಅರ್ಧದಷ್ಟು. ಬಿಗಿಯಾಗಿ ಕೂರುವ ಪಾರ್ಟ್‌ನ ಟಾಲರೆನ್ಸೇ ಕೆಲವು ಸಲ ಅದಕ್ಕಿಂತ ಕಡಿಮೆ ಇರುತ್ತದೆ.

ಯಾವ ಲೋಹ ಅಂತ ಹೇಗೆ ಗೊತ್ತಾಗುತ್ತೆ?

ಲೋಹದಲ್ಲಿ ಏನೇನಿದೆ ಅಂತ ತಿಳಿಯುವುದು ಈಗ ಸುಲಭ. ಸ್ಪೆಕ್ಟ್ರೋಮೀಟರ್‌ನಲ್ಲಿ ಕಿಡಿ ಹಾರಿಸಿದರೆ ನಿಮಿಷದಲ್ಲಿ ಪಟ್ಟಿ ಬರುತ್ತದೆ: ಸತು ಇಷ್ಟು, ಮೆಗ್ನೀಸಿಯಂ ಇಷ್ಟು, ತಾಮ್ರ ಇಷ್ಟು. ಪಟ್ಟಿ ನೋಡಿ ಇದು 7075 ಅನ್ನುವ ಬಗೆಯ ಅಲ್ಯೂಮಿನಿಯಂ ಅಂತ ಹೇಳಬಹುದು.

ಇಲ್ಲೇ ಅಜ್ಜಿಯ ಸಾರಿನ ಮಾತು ಬರುವುದು. ಮೆಣಸಿನಕಾಯಿ ಯಾವುದು ಅಂತ ಗೊತ್ತಾಯಿತು, ಹುರಿದ ಬಗೆ ಗೊತ್ತಾಗಲಿಲ್ಲ. ಅದೇ 7075 ಲೋಹವನ್ನು ಬೇರೆ ಬೇರೆ ಉಷ್ಣತೆಯಲ್ಲಿ, ಬೇರೆ ಬೇರೆ ಹೊತ್ತು ಕಾಯಿಸಿ ಇಟ್ಟರೆ ಬೇರೆ ಬೇರೆ ಗುಣ ಬರುತ್ತದೆ. ಸ್ಪೆಕ್ಟ್ರೋಮೀಟರ್‌ಗೆ ಅವೆಲ್ಲ ಒಂದೇ. ಗಡಸುತನ ಅಳೆಯಬೇಕು, ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಬೇಕು, ಒಂದು ಮಾದರಿಯನ್ನು ಕತ್ತರಿಸಿ, ಕನ್ನಡಿಯಂತೆ ಉಜ್ಜಿ, ಆಸಿಡ್ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮರಕ್ಕೆ ಎಳೆ ಇರುವ ಹಾಗೆ ಬಡಿದು ಮಾಡಿದ ಲೋಹಕ್ಕೂ ಎಳೆ ಇರುತ್ತದೆ. ಪಾರ್ಟ್‌ನ ಮೈಯನ್ನು ಅನುಸರಿಸಿ ಎಳೆ ಬಾಗಿದ್ದರೆ ಅದು ಫೋರ್ಜಿಂಗ್. ಅದನ್ನು ಗಮನಿಸದೆ ದಪ್ಪ ತಟ್ಟೆಯಿಂದ ಕೊರೆದು ಅದೇ ಆಕಾರ ಮಾಡಿದರೆ, ಕಣ್ಣಿಗೆ ಅವಳಿ ಜವಳಿ. ಆದರೆ ಎಳೆ ಅಡ್ಡಕ್ಕೆ ಕತ್ತರಿಸಿಹೋಗಿರುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಮೇಲಿನ ಲೇಪನದ ಕಥೆಯೂ ಇಂಥದ್ದೇ. ಗಟ್ಟಿ ಉಕ್ಕಿನ ಬೋಲ್ಟಿಗೆ ಕ್ಯಾಡ್ಮಿಯಂ ಲೇಪನ ಇದೆ ಅಂತ ಕಾಣುತ್ತದೆ. ಲೇಪನ ಆದ ತಕ್ಷಣ ಅದನ್ನು ಸುಮಾರು 190 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು ಕಾಣುವುದಿಲ್ಲ. ಲೇಪನದ ತೊಟ್ಟಿಯಲ್ಲಿ ಉಕ್ಕು ಹೈಡ್ರೋಜನ್ ಹೀರಿಕೊಳ್ಳುತ್ತದೆ. ಬೇಯಿಸಿ ಹೊರಹಾಕದಿದ್ದರೆ ಬೋಲ್ಟ್ ಕೆಲವು ದಿನ ಸುಮ್ಮನಿದ್ದು ಆಮೇಲೆ ಪಟ್ಟನೆ ಮುರಿಯುತ್ತದೆ. ಹೊಳಪು, ಅಳತೆ, ತೂಕ ಎಲ್ಲಾ ಸರಿಯಾಗೇ ಇರುತ್ತದೆ.

ಆಗಿನದ್ದಕ್ಕಿಂತ ಒಳ್ಳೆಯ ಲೋಹ ಈಗ ಇದೆ. ಅದನ್ನೇ ಹಾಕಿದರೆ?

ಯಾವ ವಿಷಯದಲ್ಲಿ ಒಳ್ಳೆಯದು ಅಂತ ಮೊದಲು ಕೇಳಿಕೊಳ್ಳಬೇಕು. 7075-ಟಿ6 ಅಲ್ಯೂಮಿನಿಯಂ, ಅಂದರೆ ಟಿ6 ಅನ್ನುವ ಹದಕ್ಕೆ ಕಾಯಿಸಿದ 7075, ಹಳೆಯ ವಿಮಾನಗಳಲ್ಲಿ ತುಂಬಾ ಇದೆ. ಬಲಶಾಲಿ, ಆದರೆ ಎಳೆತ ಮತ್ತು ತೇವ ಎರಡೂ ಇದ್ದಲ್ಲಿ ಒಳಗೊಳಗೇ ಬಿರುಕು ಬಿಡುವ ಗುಣ. ಅದಕ್ಕೇ ಆಮೇಲೆ ಟಿ73 ಅನ್ನುವ ಇನ್ನೊಂದು ಹದ ಬಂತು. ಬಿರುಕಿನ ಕಾಟ ಬಹಳ ಕಡಿಮೆ. ಆದರೆ ಬಲವೂ ಶೇಕಡಾ 10-15ರಷ್ಟು ಕಡಿಮೆ. ಬದಲಾಯಿಸಬಹುದಾ ಅನ್ನುವುದಕ್ಕೆ ಉತ್ತರ, ಆ ಜಾಗದಲ್ಲಿ ಎಷ್ಟು ಭಾರ ಬೀಳುತ್ತದೆ ಅನ್ನುವುದರ ಮೇಲಿದೆ. ಆ ಲೆಕ್ಕವನ್ನು ನಾವೇ ಹೊಸದಾಗಿ ಮಾಡಬೇಕು.

ಇನ್ನು, ಹೆಚ್ಚು ಬಲವಾದ ಪಾರ್ಟ್ ಹಾಕಿದರೆ ತೊಂದರೆ ಇಲ್ಲ ಅಂದುಕೊಳ್ಳುತ್ತಾರೆ. ಕೆಲವು ಪಿನ್‌ಗಳನ್ನು ಮುರಿಯಲಿ ಅಂತಲೇ ಮಾಡಿರುತ್ತಾರೆ. ಪಂಪ್ ಸಿಕ್ಕಿಕೊಂಡರೆ ಪಿನ್ ಮುರಿದು ಗೇರ್‌ಬಾಕ್ಸ್ ಉಳಿಯಬೇಕು. ಅಲ್ಲಿಗೆ ಗಟ್ಟಿ ಪಿನ್ ಹಾಕಿದರೆ ಗೇರ್‌ಬಾಕ್ಸೇ ಹೋಗುತ್ತದೆ.

ರಬ್ಬರ್ ಸೀಲ್, ಓ-ರಿಂಗ್ ಚಿಕ್ಕ ಸಾಮಾನು. ಅದನ್ನು ಸುಮ್ನೆ ಅಂಗಡಿಯಲ್ಲಿ ತರಬಹುದಾ?

ದಯವಿಟ್ಟು ಬೇಡ. ಎಲ್ಲಾ ಕಪ್ಪು ಓ-ರಿಂಗ್‌ಗಳೂ ಒಂದೇ ಥರ ಕಾಣುತ್ತವೆ. ಹಳೆಯ ಯುದ್ಧವಿಮಾನಗಳ ಕೆಂಪು ಹೈಡ್ರಾಲಿಕ್ ಎಣ್ಣೆ ಖನಿಜ ಎಣ್ಣೆ. ಅದಕ್ಕೆ ನೈಟ್ರೈಲ್ ರಬ್ಬರ್ ಹೊಂದುತ್ತದೆ. ಪ್ರಯಾಣಿಕ ವಿಮಾನಗಳಲ್ಲಿ ಬಳಸುವ ಇನ್ನೊಂದು ಬಗೆಯ ಎಣ್ಣೆಗೆ ಇಪಿಡಿಎಂ ರಬ್ಬರ್ ಬೇಕು. ಅದನ್ನು ತಂದು ಖನಿಜ ಎಣ್ಣೆಯಲ್ಲಿ ಹಾಕಿದರೆ ನೀರಿನಲ್ಲಿ ನೆನೆಸಿದ ಅವರೆಕಾಳಿನಂತೆ ಊದಿಕೊಳ್ಳುತ್ತದೆ.

ಇಂಚು-ಮಿಲಿಮೀಟರ್ ಗೊಂದಲ ಅಷ್ಟು ದೊಡ್ಡದಾ?

ಇದಕ್ಕೆ ಚರಿತ್ರೆಯಲ್ಲೇ ದೊಡ್ಡ ಉದಾಹರಣೆ ಇದೆ. 1944ರಲ್ಲಿ ಅಮೆರಿಕದ ಮೂರು ಬಿ-29 ಬಾಂಬರ್‌ಗಳು ದಾಳಿ ಮುಗಿಸಿ ವಾಪಸ್ ಹೋಗಲಾಗದೆ ಸೋವಿಯತ್ ನೆಲದ ವ್ಲಾದಿವೊಸ್ತೋಕ್‌ನಲ್ಲಿ ಇಳಿದವು. ಸ್ಟಾಲಿನ್ ಅವನ್ನು ಹಿಂದಿರುಗಿಸಲಿಲ್ಲ. ಹಾಗೇ ಇನ್ನೊಂದು ಮಾಡಿ ಅಂತ ವಿಮಾನ ವಿನ್ಯಾಸಕ ಟುಪೊಲೆವ್‌ಗೆ ಆಜ್ಞೆ ಕೊಟ್ಟರು. ಒಂದು ವಿಮಾನವನ್ನು ಪೂರ್ತಿ ಬಿಚ್ಚಿ ಅಳೆದರು, ಒಂದನ್ನು ಹಾರಿಸಿ ಕಲಿತರು, ಒಂದನ್ನು ಹೋಲಿಕೆಗೆ ಇಟ್ಟುಕೊಂಡರು.

ಅಮೆರಿಕದ ತಗಡು ಒಂದು ಇಂಚಿನ 16ನೇ ಒಂದು ಭಾಗ, ಅಂದರೆ 1.5875 ಮಿಲಿಮೀಟರ್. ಆ ದಪ್ಪದ ತಗಡು ಸೋವಿಯತ್ ಕಾರ್ಖಾನೆಗಳಲ್ಲಿ ಇರಲೇ ಇಲ್ಲ. ತೆಳುವಾದದ್ದು ಹಾಕಿದರೆ ಬಲ ಸಾಲದು, ದಪ್ಪದ್ದು ಹಾಕಿದರೆ ತೂಕ ಏರುತ್ತದೆ. ಕೊನೆಗೆ ಜಾಗ ನೋಡಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಅಂತ ಲೆಕ್ಕ ಹಾಕಿದರು. ಎಂಜಿನ್, ಬಂದೂಕು ತಮ್ಮವೇ ಹಾಕಿದರು. 1947ರ ಮೇ ತಿಂಗಳಲ್ಲಿ ಟು-4 ಅನ್ನುವ ಆ ವಿಮಾನ ಹಾರಿತು. ಎಲ್ಲರೂ ಅದನ್ನು ನಕಲು ಅನ್ನುತ್ತಾರೆ. ನನ್ನ ಮಟ್ಟಿಗೆ ಅದರಲ್ಲಿ ಹೊಸ ವಿನ್ಯಾಸದಷ್ಟೇ ಲೆಕ್ಕ ಇದೆ.

ಯಾವ ಪಾರ್ಟ್‌ಗೆ ಕೈ ಹಾಕಬಾರದು?

ಮುರಿದರೆ ಏನಾಗುತ್ತದೆ ಅನ್ನುವುದೇ ಮೊದಲ ಪ್ರಶ್ನೆ. ಮುಚ್ಚಳ, ಹಿಡಿಕೆ, ಬ್ರಾಕೆಟ್, ನೆಲದಲ್ಲಿ ಬಳಸುವ ಸಲಕರಣೆ, ಇವು ಶುರು ಮಾಡಲು ಸರಿ. ತುರ್ತು ಜಿಗಿತದ ಆಸನ, ಲ್ಯಾಂಡಿಂಗ್ ಗೇರ್, ಎಂಜಿನ್‌ನ ತಿರುಗುವ ಡಿಸ್ಕ್, ಇವುಗಳಲ್ಲಿ ತಪ್ಪಿದರೆ ಪೈಲಟ್ ಮನೆಗೆ ಬರುವುದಿಲ್ಲ. ಅಳತೆ ಪಟ್ಟಿ ಹಿಡಿದು ಮಾಡುವ ಕೆಲಸ ಅದಲ್ಲ. ಇಡೀ ಲೋಹವಿಜ್ಞಾನದ ಬಲ ಬೇಕು.

ಅಂಥ ಬಲ ನಮ್ಮಲ್ಲಿ ಇಲ್ಲ ಅಂತಲ್ಲ. ಜಾಗ್ವಾರ್ ಮತ್ತು ಹಾಕ್ ವಿಮಾನಗಳ ಅಡೂರ್ ಎಂಜಿನ್‌ಗೆ ಗಾಳಿಯನ್ನು ಒತ್ತುವ ಕಂಪ್ರೆಸರ್ ಡಿಸ್ಕ್‌ಗಳು ಬೇಕು. ಇಷ್ಟು ಬಳಕೆಯಾದ ಮೇಲೆ ಅವನ್ನು ಬದಲಾಯಿಸಲೇಬೇಕು. ರಕ್ಷಣಾ ಸಂಶೋಧನೆಯ ಸರಕಾರಿ ಸಂಸ್ಥೆ ಡಿಆರ್‌ಡಿಒದ ಹೈದರಾಬಾದಿನ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ 2000 ಟನ್ನಿನ ಪ್ರೆಸ್‌ನಲ್ಲಿ, ಅಚ್ಚನ್ನೂ ಲೋಹವನ್ನೂ ಹೆಚ್ಚುಕಮ್ಮಿ ಒಂದೇ ಬಿಸಿಯಲ್ಲಿಟ್ಟು ಟೈಟಾನಿಯಂ ಒತ್ತುವ ವಿದ್ಯೆ ಕಟ್ಟಿಕೊಂಡಿತು. ಐದೂ ಹಂತದ ಡಿಸ್ಕ್‌ಗಳನ್ನು ಮಾಡಿತು. ಸರಕಾರಿ ಲೋಹ ಕಂಪನಿ ಮಿಧಾನಿ ಜೊತೆ ಸೇರಿ 200 ಡಿಸ್ಕ್ ಫೋರ್ಜಿಂಗ್‌ಗಳನ್ನು ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗಕ್ಕೆ ಕೊಟ್ಟಿದ್ದನ್ನು ಡಿಆರ್‌ಡಿಒ 2021ರಲ್ಲಿ ತಿಳಿಸಿತು. ಆಕಾರ ಮೊದಲೇ ಗೊತ್ತಿತ್ತು. ವರ್ಷಗಟ್ಟಲೆ ಹಿಡಿದದ್ದು ಹುರಿಯುವ ಬಗೆ ಕಲಿಯಲು. ಈ ಸುದ್ದಿ ಓದಿದ ದಿನ ನಮ್ಮ ಶಾಪ್‌ನಲ್ಲಿ ಎಲ್ಲರಿಗೂ ಖುಷಿಯಾಗಿತ್ತು.

3ಡಿ ಪ್ರಿಂಟಿಂಗ್ ಬಂದ ಮೇಲೆ ಇದೆಲ್ಲ ಸುಲಭ ಆಗಿಲ್ವಾ?

ಕೆಲವು ಕಡೆ ಆಗಿದೆ. ಅಮೆರಿಕದ ವಾಯುಪಡೆ ಒಂದು ದೊಡ್ಡ ಸರಕು ವಿಮಾನದ ಶೌಚಾಲಯದ ಮುಚ್ಚಳಕ್ಕೆ 10,000 ಡಾಲರ್ ಕೊಡುತ್ತಿತ್ತು ಅಂತ 2018ರಲ್ಲಿ ದೊಡ್ಡ ಸುದ್ದಿಯಾಯಿತು. ಪ್ರಿಂಟ್ ಮಾಡಿದರೆ ಸುಮಾರು 300 ಡಾಲರ್ ಅಂತ ಅವರ ಅಧಿಕಾರಿಗಳೇ ಹೇಳಿದರು. ಎಫ್-16ರಲ್ಲಿರುವ ಎಫ್110 ಎಂಜಿನ್‌ನ ಸಂಪ್ (ಎಣ್ಣೆ ಸೇರುವ ಜಾಗ) ಮುಚ್ಚಳ ಮೊದಲು ಅಲ್ಯೂಮಿನಿಯಂ ಎರಕ, ಅದನ್ನು ಕೋಬಾಲ್ಟ್-ಕ್ರೋಮ್‌ನಲ್ಲಿ ಪ್ರಿಂಟ್ ಮಾಡಿ ತೋರಿಸಿದರು.

ಎರಕದ ಪಾರ್ಟ್‌ಗೆ ಇದು ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಹಳೆಯ ಎರಕದ ಅಚ್ಚು ಎಲ್ಲೂ ಸಿಗುವುದಿಲ್ಲ. ಬಡಿದು ಮಾಡಿದ, ಪದೇ ಪದೇ ಎಳೆತ ತಿನ್ನುವ ಪಾರ್ಟ್‌ಗೆ ನಾನಾದರೆ ಅವಸರ ಮಾಡುವುದಿಲ್ಲ. ಬಿರುಕು ಶುರುವಾಗಲು ಪ್ರಿಂಟ್ ಒಳಗೆ ಉಳಿಯುವ ಸಾಸಿವೆಗಿಂತ ಚಿಕ್ಕ ಗುಳ್ಳೆ ಸಾಕು.

ಎಲೆಕ್ಟ್ರಾನಿಕ್ಸ್ ಕಥೆ ಏನು?

ಅಲ್ಲಿ ಸವೆತದ ಸಮಸ್ಯೆಗಿಂತ ಚಿಪ್ ಮಾರುಕಟ್ಟೆಯಲ್ಲೇ ಇಲ್ಲದಿರುವುದು ದೊಡ್ಡದು. 1970ರ ದಶಕದ ಎಷ್ಟೋ ಚಿಪ್‌ಗಳನ್ನು ಈಗ ಯಾರೂ ಮಾಡುವುದಿಲ್ಲ. ಬೋರ್ಡ್‌ನ ಪ್ರತಿ ತಂತಿಯನ್ನೂ ಹುಡುಕಿ, ಯಾವ ಸಂಕೇತ ಬಂದರೆ ಯಾವ ಉತ್ತರ ಕೊಡುತ್ತದೆ ಅಂತ ಪಟ್ಟಿ ಮಾಡಿ, ಅದೇ ಕೆಲಸ ಮಾಡುವ ಹೊಸ ಬೋರ್ಡ್ ಮಾಡುತ್ತಾರೆ. ಹೊರಗಿನ ಪ್ಲಗ್ ಅದೇ, ಒಳಗಿನ ಚಿಪ್ ಹೊಸದು.

ಹಾಗೆ ಮಾಡದೆ ಸಿಕ್ಕಲ್ಲಿ ಹಳೆ ಚಿಪ್ ಹುಡುಕಿಕೊಂಡು ಹೋದರೆ ನಕಲಿ ಮಾಲು ಕೈಸೇರುತ್ತದೆ. ಅಮೆರಿಕದ ಸೆನೆಟ್ ಸಮಿತಿ 2012ರಲ್ಲಿ ಕೊಟ್ಟ ವರದಿಯಲ್ಲಿ ನಕಲಿ ಎಂದು ಅನುಮಾನವಿದ್ದ ಸುಮಾರು 1,800 ಪ್ರಕರಣ, 10 ಲಕ್ಷಕ್ಕೂ ಹೆಚ್ಚು ಬಿಡಿಭಾಗಗಳ ಲೆಕ್ಕ ಇತ್ತು. ಹಳೆ ಚಿಪ್ ಮೇಲಿನ ಬರಹ ಉಜ್ಜಿ ಹೊಸ ಸಂಖ್ಯೆ ಒತ್ತಿ ಮಾರುತ್ತಿದ್ದರು.

ಮೂಲ ಕಂಪನಿ ಕೇಸ್ ಹಾಕಲ್ವಾ?

ಹಳೆಯ ವಿಮಾನಗಳ ಪೇಟೆಂಟ್‌ಗಳು ಬಹುತೇಕ ಮುಗಿದಿರುತ್ತವೆ. ಪೇಟೆಂಟ್‌ಗೆ 20 ವರ್ಷ ಆಯಸ್ಸು. ನ್ಯಾಯವಾಗಿ ಕೊಂಡ ವಸ್ತುವನ್ನು ಬಿಚ್ಚಿ ನೋಡಿ ಕಲಿಯುವುದನ್ನು ಅಮೆರಿಕದ ಕಾನೂನೂ ಕಳ್ಳತನ ಅನ್ನುವುದಿಲ್ಲ. ನಿಜವಾದ ಕಟ್ಟು ಇರುವುದು ಒಪ್ಪಂದದಲ್ಲಿ. ಲೈಸೆನ್ಸ್ ಪತ್ರದಲ್ಲಿ ಬಿಚ್ಚಬಾರದು ಅಂತ ಸಹಿ ಮಾಡಿದ್ದರೆ ಬಿಚ್ಚಬಾರದು. ಯಾರೋ ತಂದುಕೊಟ್ಟ ಕಂಪನಿಯ ಡ್ರಾಯಿಂಗ್ ಪ್ರತಿಯನ್ನು ನೋಡಿ ಮಾಡಿದರೆ ಅದು ರಿವರ್ಸ್ ಎಂಜಿನಿಯರಿಂಗ್ ಅಲ್ಲ. ಅಂಥ ಕಾಗದ ಬಂದರೆ ನಾವು ಮುಟ್ಟುವುದಿಲ್ಲ. ಕೆಲಸ ಒಪ್ಪಿಕೊಳ್ಳುವ ಮೊದಲು ವಕೀಲರಿಗೆ ತೋರಿಸಿ. ನಾನು ವಕೀಲನಲ್ಲ.

ಇರಾನ್ ಎಫ್-14 ಯುದ್ಧವಿಮಾನ ಹಾರಿಸಿದ್ದು ಹೀಗೇನಾ?

ಹೌದು. 1979ರ ಕ್ರಾಂತಿಗೆ ಮೊದಲು ಅಮೆರಿಕ ಇರಾನಿಗೆ 79 ಎಫ್-14 ಕೊಟ್ಟಿತ್ತು. ಆಮೇಲೆ ಬಿಡಿಭಾಗ ನಿಂತುಹೋಯಿತು. ಒಂದನ್ನು ಕಳಚಿ ಇನ್ನೊಂದಕ್ಕೆ ಹಾಕಿ, ತಾವೇ ಪಾರ್ಟ್ ಮಾಡಿಕೊಂಡು ದಶಕಗಟ್ಟಲೆ ಹಾರಿಸಿದರು. 2006ರಲ್ಲಿ ಅಮೆರಿಕದ ನೌಕಾಪಡೆ ತನ್ನ ಎಫ್-14ಗಳನ್ನು ನಿಲ್ಲಿಸಿದ ಮೇಲೆ, ಬಿಡಿಭಾಗ ಇರಾನ್ ಕೈ ಸೇರಬಾರದು ಅಂತ ಅನೇಕ ವಿಮಾನಗಳನ್ನು ಚೂರು ಮಾಡಿಸಿದರು.

ಪಾರ್ಟ್ ಮಾಡಿದ ಮೇಲೆ ವಿಮಾನಕ್ಕೆ ಹಾಕಲು ಯಾರು ಒಪ್ಪಬೇಕು?

ಭಾರತದಲ್ಲಿ ಮಿಲಿಟರಿ ವಿಮಾನ ಹಾರಲು ಯೋಗ್ಯವೋ ಅಂತ ನೋಡುವುದು ಡಿಆರ್‌ಡಿಒ ಕೆಳಗಿನ ಸೆಮಿಲ್ಯಾಕ್. ಅದರ ಮುಖ್ಯ ಕಚೇರಿ ನಮ್ಮ ಮಾರತ್ತಹಳ್ಳಿಯಲ್ಲೇ ಇದೆ. ತಯಾರಿಕೆಯ ಗುಣಮಟ್ಟ ನೋಡುವುದು ಡಿಜಿಎಕ್ಯೂಎ. ನಿಯಮಗಳು ಐಎಂಟಿಎಆರ್-21 ಅನ್ನುವ ದಾಖಲೆಯಲ್ಲಿವೆ.

ಅವರನ್ನು ಕೊನೆಗೆ ಭೇಟಿ ಮಾಡುವ ಸಾಹೇಬರು ಅಂದುಕೊಳ್ಳಬೇಡಿ. ಮೊದಲ ದಿನವೇ ಅವರ ಬಳಿ ಹೋಗಿ. ಯಾವ ಪರೀಕ್ಷೆ ಮಾಡಬೇಕು, ಎಷ್ಟು ಪೀಸ್ ಮುರಿದು ತೋರಿಸಬೇಕು ಅನ್ನುವುದನ್ನು ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಪಾರ್ಟ್ ಮಾಡಿಟ್ಟು ಆಮೇಲೆ ಹೋದವರು ಎಲ್ಲವನ್ನೂ ಮತ್ತೆ ಮಾಡಿದ್ದನ್ನು ನೋಡಿದ್ದೇನೆ.

ಸಣ್ಣ ಪಾರ್ಟ್‌ಗೆ ಯಾಕೆ ಅಷ್ಟು ಖರ್ಚು, ಅಷ್ಟು ದಿನ?

ಮೆಷಿನ್ ಮೇಲಿನ ಕೆಲಸ ಎರಡು ದಿನದ್ದಿರಬಹುದು. ಉಳಿದದ್ದೆಲ್ಲ ಪರೀಕ್ಷೆ. ಲಕ್ಷಾಂತರ ಸಲ ಎಳೆದು ಬಿಡುವ ಪರೀಕ್ಷೆ, ಉಪ್ಪುನೀರಿನ ಮಂಜಿನ ಪರೀಕ್ಷೆ, ನಡುಕದ ಪರೀಕ್ಷೆ. ಬೇಕಾದಷ್ಟೇ ಲೋಹ ತರಿಸುವುದೂ ಕಷ್ಟ. ನಿಮಗೆ ಬೇಕಿರುವುದು 5 ಕಿಲೋ, ಕೊಡುವವರು ಕೇಳುವುದು ಟನ್ ಲೆಕ್ಕ. ಈ ಎಲ್ಲ ಖರ್ಚನ್ನು ಆರು ಪೀಸ್‌ಗೆ ಹಂಚಿದರೆ ಬೆಲೆ ಏರದೆ ಇನ್ನೇನು?

ನಮ್ಮದು ನಾಲ್ಕು ಮೆಷಿನ್‌ನ ವರ್ಕ್‌ಶಾಪ್. ನಾವೂ ಈ ಕೆಲಸಕ್ಕೆ ಸೇರಬಹುದಾ?

ಸೇರಬಹುದು. ರಕ್ಷಣಾ ಸಚಿವಾಲಯ 2020ರ ಆಗಸ್ಟ್‌ನಲ್ಲಿ ಸೃಜನ್ ಅನ್ನುವ ಪೋರ್ಟಲ್ ತೆರೆದಿದೆ. ಹೊರದೇಶದಿಂದ ತರಿಸುತ್ತಿರುವ, ಇಲ್ಲೇ ಮಾಡಬೇಕಾದ ಸಾಮಾನುಗಳ ಪಟ್ಟಿ ಅಲ್ಲಿದೆ. ನಿಮ್ಮ ಮೆಷಿನ್‌ಗೆ ಹೊಂದುವ ಒಂದೇ ಒಂದು ಸಾಮಾನು ಆರಿಸಿ. ವಿಮಾನ ಉದ್ಯಮದ ಎಎಸ್9100 ಗುಣಮಟ್ಟ ವ್ಯವಸ್ಥೆ ತಯಾರು ಮಾಡಿಕೊಳ್ಳಿ. ಪರೀಕ್ಷೆಗಳನ್ನು ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಮಾಡಿಸಿ. ಮೊದಲ ವರ್ಷ ಲಾಭ ಕಾಣುವುದಿಲ್ಲ. ಸಾಲ ಮಾಡಿ ದೊಡ್ಡ ಮೆಷಿನ್ ತರುವ ಮೊದಲು ಒಂದು ಆರ್ಡರ್ ಪೂರ್ತಿ ಮುಗಿಸಿ ನೋಡಿ.

ಹೊಸ ವಿಮಾನ ಕೊಂಡರೆ ಈ ತಾಪತ್ರಯ ತಪ್ಪುತ್ತಲ್ಲ?

ಕೊಳ್ಳಲೇಬೇಕು. ಆದರೆ ಹೊಸದು ಬರುವವರೆಗೆ ಹಳೆಯದು ಹಾರಬೇಕು. ಮಿಗ್-21 ನಮ್ಮಲ್ಲಿಗೆ 1963ರಲ್ಲಿ ಬಂತು, ಬೀಳ್ಕೊಟ್ಟದ್ದು 2025ರ ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ. ಅರವತ್ತು ವರ್ಷ ದಾಟಿತು. ಹೊಸ ವಿಮಾನಕ್ಕೂ ಇದೇ ಕಾಯಿಲೆ ಬರುತ್ತದೆ. ಅಮೆರಿಕದ ಬಿ-2 ಬಾಂಬರ್‌ಗಳು ಇರುವುದೇ ಇಪ್ಪತ್ತರ ಆಸುಪಾಸು. ಅದರ ಬಿಸಿ ಇಳಿಸುವ ಹೀಟ್ ಎಕ್ಸ್‌ಚೇಂಜರ್‌ನ ಒಳಭಾಗವನ್ನು ರಿವರ್ಸ್ ಎಂಜಿನಿಯರಿಂಗ್ ಮಾಡಿಕೊಡುವವರು ಬೇಕು ಅಂತ ಅಮೆರಿಕದ ವಾಯುಪಡೆಯೇ ಪ್ರಕಟಣೆ ಹೊರಡಿಸಿತ್ತು. ಹೊಸದು ಕೊಳ್ಳುವ ದಿನವೇ ಡ್ರಾಯಿಂಗ್‌ನ ಹಕ್ಕನ್ನೂ, ಲೆಕ್ಕದ ಕಾಗದಗಳನ್ನೂ ಕೇಳಿ ಪಡೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ತಾತ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಹಳೆ ನೋಟ್‌ಬುಕ್‌ನಿಂದ ಏನಾದರೂ ಉಪಯೋಗ ಇದೆಯಾ?

ತುಂಬಾ ಇದೆ. ಆದರೆ ಅದರ ಫೋಟೋ ತೆಗೆದು ಎಲ್ಲಿಯೂ ಹಾಕಬೇಡಿ. ಕಾರ್ಖಾನೆಯ ಕಾಗದ ಅದರೊಳಗೆ ಇದ್ದರೆ ಕಾರ್ಖಾನೆಗೇ ತಲುಪಿಸಿ. ತಾತ ಇನ್ನೂ ಇದ್ದರೆ ಪಕ್ಕದಲ್ಲಿ ಕೂತು ಮಾತಾಡಿಸಿ. ಯಾವ ಬೋಲ್ಟನ್ನು ಮೊದಲು ಬಿಗಿಯುತ್ತಿದ್ದರು, ಯಾವ ಪಾರ್ಟ್ ಜಾಸ್ತಿ ವಾಪಸ್ ಬರುತ್ತಿತ್ತು, ಆಗ ಅದಕ್ಕೆ ಏನು ಮಾಡುತ್ತಿದ್ದರು, ಇದು ಯಾವ ಡ್ರಾಯಿಂಗ್‌ನಲ್ಲೂ ಬರೆದಿರುವುದಿಲ್ಲ.

ಗ್ರೀಸ್ ದಾರಿ ತೋರಿಸಿದ ನಮ್ಮ ಟರ್ನರ್‌ಗೆ ಈಗ ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ, ಕೈ ನಡುಗುತ್ತದೆ. ನಾನು ತಿಂಗಳಿಗೊಮ್ಮೆ ಅವರ ಮನೆಗೆ ಹೋಗುತ್ತೇನೆ. ಹೋದ ಸಲ ಒಂದು ಸವೆದ ಸ್ಪ್ರಿಂಗ್ ತೆಗೆದುಕೊಂಡು ಹೋಗಿದ್ದೆ. ಅದರ ತುದಿಯನ್ನು ಯಾಕೆ ಒಳಕ್ಕೆ ಮಡಿಸುತ್ತಿದ್ದರು ಅಂತ ಒಂದು ಗಂಟೆ ಹೇಳಿದರು. ಎರಡು ಪುಟ ಬರೆದುಕೊಂಡು ಬಂದೆ.